ಮದುವೆ ಫೋಟೋದಲ್ಲಿ ಉಳಿದ ನಾಲ್ಕು ಬೆರಳು

ಮೂರು ವಾರದ ಕೆಳಗೆ ಒಂದು ಭಾನುವಾರ ಪಕ್ಕದ ಮನೆಯ ರುದ್ರೇಶ ಒಂದು ಕಾರ್ಡು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದ. ಮುಂದಿನ ತಿಂಗಳು ಅವನ ಮದುವೆ. ಹುಡುಗಿ ಮಲೆಬೆನ್ನೂರಿನವಳು. ಕಾರ್ಡಿನ ಒಂದು ಮೂಲೆಯಲ್ಲಿ ಕ್ಯಾಮೆರಾ, ಇನ್ನೊಂದು ಮೂಲೆಯಲ್ಲಿ ಜೋಡಿ ಪಾರಿವಾಳ, ನಡುವೆ ಬಂಗಾರದ ಬಣ್ಣದಲ್ಲಿ ಒಂದು ಸ್ಟುಡಿಯೋದ ಹೆಸರು, ಅದರ ಕೆಳಗೆ 'ನಿಮ್ಮ ಶುಭಕಾರ್ಯಗಳ ಅಳಿಸಲಾಗದ ನೆನಪಿಗಾಗಿ' ಎಂಬ ಸಾಲು.

"ಮಾವಾರೆ, ಇವ್ರನ್ನ ಗೊತ್ತು ಮಾಡೋಣ ಅಂತೀವಿ. ಹೆಂಗೆ ಇವ್ರು? ಚಲೋ ತೆಗೀತಾರಾ?" ಎಂದ.

ಅಳಿಸಲಾಗದ ನೆನಪಂತೆ! ನಾನು ಆ ಕಾರ್ಡನ್ನು ಸತ್ತ ಜಿರಳೆ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇವನಾ? ಕೂಡು ಇಲ್ಲಿ, ಹೇಳ್ತೀನಿ" ಎಂದೆ. ಒಳಗಿನಿಂದ ನನ್ನ ಹೆಂಡತಿ ಪಾರ್ವತಿ, "ರುದ್ರೇಶ, ಕೆಲಸ ಇದ್ರೆ ಈಗ್ಲೇ ಎದ್ದು ಹೋಗಪ್ಪಾ, ಪುರಾಣ ಶುರುವಾತು" ಎಂದು ಕೂಗಿದಳು. ಅವಳು ಹೇಳುವುದೂ ಸರಿಯೇ. ಫೋಟೋದವರ ಮಾತು ಬಂದರೆ ನನಗೆ ಮೈಮೇಲೆ ದೇವರು ಬಂದ ಹಾಗಾಗುತ್ತದೆ. ಮಿಲ್ಲಿನ ಆಫೀಸಿನಲ್ಲಿ ನನ್ನ ಜೊತೆಗಿರುವ ಗುಮಾಸ್ತರೆಲ್ಲ ಇದನ್ನು ಬಲ್ಲರು. ಮಧ್ಯಾಹ್ನ ಹೊತ್ತು ಹೋಗದಿದ್ದರೆ ಅವರಲ್ಲಿ ಯಾರಾದರೊಬ್ಬರು ಬೇಕೆಂದೇ "ನಿನ್ನೆ ಒಂದು ಫೋಟೋ ತೆಗೆಸಿದೆ ನೋಡ್ರಿ" ಎಂದು ಕಡ್ಡಿ ಗೀರಿ ಮಜಾ ನೋಡುತ್ತಾರೆ.

ನೀವೇ ಹೇಳಿ. ದರ್ಜಿ ಅಂಗಿ ಕೆಡಿಸಿದರೆ ಇನ್ನೊಂದು ಹೊಲಿಸಿಕೊಳ್ಳಬಹುದು. ಅಡುಗೆಯವನು ಸಾರು ಕೆಡಿಸಿದರೆ ಮಜ್ಜಿಗೆ ಹಾಕಿಕೊಂಡು ಉಂಡು ಎದ್ದು ಹೋಗಬಹುದು. ಫೋಟೋದವನು ಕೆಡಿಸಿದ್ದಕ್ಕೆ ಮಾತ್ರ ನಾವು ಚೌಕಟ್ಟು ಹಾಕಿಸಿ, ಗಾಜು ಕೂಡಿಸಿ, ಗೋಡೆಗೆ ಮೊಳೆ ಹೊಡೆದು, ಸಾಯುವತನಕ ದಿನಾ ನೋಡಬೇಕು. ಬಂದವರಿಗೂ ತೋರಿಸಬೇಕು. ಇಷ್ಟು ಅಧಿಕಾರವನ್ನು ನಾವು ಊರ ಗೌಡನಿಗೂ ಕೊಟ್ಟಿಲ್ಲ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನಿಲ್ಲುವ ಒಬ್ಬ ಮನುಷ್ಯನಿಗೆ ಕೊಟ್ಟುಬಿಟ್ಟಿದ್ದೇವೆ.

ನನಗೂ ಈ ಜನಕ್ಕೂ ಮೊದಲಿನಿಂದಲೇ ಆಗಿಬರುವುದಿಲ್ಲ. ನಮ್ಮದು ಆನಗೋಡು. ಸಾವಿರದ ಒಂಬೈನೂರ ಐವತ್ತರ ಸುಮಾರಿಗೆ ನಾನು ಮಿಡ್ಲ್‌ಸ್ಕೂಲು ಪಾಸಾದಾಗ ನಮ್ಮಪ್ಪ ಅದನ್ನೊಂದು ದೊಡ್ಡ ಸಾಧನೆ ಎಂದು ತಿಳಿದು ನನ್ನನ್ನು ದಾವಣಗೆರೆಗೆ ಕರೆತಂದು ಒಂದು ಸ್ಟುಡಿಯೋಕ್ಕೆ ನುಗ್ಗಿಸಿದ. ಹೊರಡುವಾಗ ನಮ್ಮಜ್ಜಿ ಹೊಸಲಲ್ಲಿ ಅಡ್ಡ ಕೂತು, "ಫೋಟೋ ಹಿಡಿದ್ರೆ ಆಯಸ್ಸು ಕಮ್ಮಿ ಆಗ್ತತೆ, ಬ್ಯಾಡ" ಎಂದು ಗಲಾಟೆ ಮಾಡಿದ್ದಳು. ಆಗ ನಕ್ಕಿದ್ದೆ. ಈಗ ನೋಡಿದರೆ ಅವಳು ತೀರ ದಡ್ಡಿಯೇನೂ ಆಗಿರಲಿಲ್ಲ.

ಸ್ಟುಡಿಯೋದೊಳಗೆ ಒಂದು ಪರದೆ. ಅದರ ಮೇಲೆ ಅರಮನೆ, ಅರಮನೆಯ ಮುಂದೆ ಕೆರೆ, ಕೆರೆಯಲ್ಲಿ ಒಂದು ಹಂಸ. ಗೂಟಕ್ಕೆ ನೇತುಹಾಕಿದ ಒಂದು ಕೋಟು. ದಾವಣಗೆರೆ ಸೀಮೆಯ ಗಂಡಸರೆಲ್ಲ ಆ ಕಾಲದಲ್ಲಿ ಹಾಕಿಕೊಂಡದ್ದು ಅದೊಂದೇ ಕೋಟನ್ನು. ಅದು ನನ್ನಂಥ ಮೂವರಿಗೆ ಸಾಕಾಗುವಷ್ಟು ಇತ್ತು. ಫೋಟೋದವನು ಬೆನ್ನ ಹಿಂದೆ ಅದನ್ನು ಮಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಿದ. ಮುಂದಿನಿಂದ ನೋಡಿದರೆ ದಿವಾನರ ಮಗ, ಹಿಂದಿನಿಂದ ನೋಡಿದರೆ ಹಗ್ಗದ ಮೇಲಿನ ದುಪ್ಪಟಿ. "ಹಕ್ಕಿ ಬರ್ತತೆ, ಇಲ್ಲೇ ನೋಡಪ್ಪಾ" ಎಂದ. ನನಗೆ ಹನ್ನೆರಡು ವರ್ಷ. ಹಕ್ಕಿ ಗಿಕ್ಕಿ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಬಂದರೆ ಬರಲಿ ಎಂದು ಬಾಯಿ ತೆರೆದುಕೊಂಡು ನೋಡಿದೆ. ಹದಿನೈದು ದಿನದ ಮೇಲೆ ಫೋಟೋ ಬಂತು: ಬಾಯಿ ತೆರೆದ ನಾನು, ನನ್ನ ತಲೆಯ ನಡುನೆತ್ತಿಯಿಂದ ಮೇಲೆದ್ದ ಹಂಸದ ಕುತ್ತಿಗೆ. ನಮ್ಮಪ್ಪ ಅದನ್ನೇ ಊರಲ್ಲೆಲ್ಲ ತೋರಿಸಿಕೊಂಡು ಬಂದ.

ಇಷ್ಟು ಪಾಠವಾದವನು ಮದುವೆಯ ಹೊತ್ತಿಗಾದರೂ ಬುದ್ಧಿ ಕಲಿತಿರಬೇಕಲ್ಲವೇ? ಎಲ್ಲಿಯ ಬುದ್ಧಿ!

ನನ್ನ ಮದುವೆಯಾಗಿ ಈಗ ಎಂಟು ವರ್ಷ. ಪಾರ್ವತಿ ಹರಿಹರದವಳು. ದಾವಣಗೆರೆಯಲ್ಲಿ ಬಸ್ಸು ಹತ್ತಿದರೆ ಕೂತ ಸೀಟು ಬಿಸಿಯಾಗುವುದರೊಳಗೆ ಹರಿಹರ ಬರುತ್ತದೆ. ಅವಳ ತಂದೆ ಅವಳು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದರು. ತಾಯಿ ಹಾಲವ್ವ ನಾಲ್ಕು ಎಮ್ಮೆ ಕಟ್ಟಿಕೊಂಡು, ಹಾಲು ಮೊಸರು ಮಾರಿ ಒಬ್ಬಳೇ ಮಗಳನ್ನು ಸಾಕಿದ್ದರು. ಮದುವೆಯ ಜವಳಿ ತೆಗೆಯಲು ಎರಡು ಮನೆಯವರೂ ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇರಿದ್ದೆವು. ಹಿರಿಯರೆಲ್ಲ ಸೀರೆಯ ಅಂಚು ಜಗ್ಗಿ ಜಗ್ಗಿ ನೋಡುತ್ತಿರುವಾಗ ಪಾರ್ವತಿ ನನ್ನ ಪಕ್ಕಕ್ಕೆ ಬಂದು ನೆಲ ನೋಡುತ್ತ ನಿಂತಳು. ಅಲ್ಲಿಯವರೆಗೆ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ಒಂದು ಕೇಳ್ಲಾ?" ಎಂದಳು. "ಫೋಟೋದವ್ರು ಬರ್ತಾರಂತಲ್ಲ. ಅವ್ವನ ಜೊತಿ ನಂದೊಂದು ಫೋಟೋ ಆಗ್ಬೇಕು. ಅವ್ವಂದು ಒಂದೂ ಇಲ್ಲ. ಅಪ್ಪಂದೂ ಇಲ್ಲ, ಅಪ್ಪ ಹೆಂಗಿದ್ರು ಅಂತ ನನಗೆ ಗೊತ್ತೇ ಇಲ್ಲ. ಅವ್ವನಾದ್ರೂ ಇರ್ಲಿ."

"ಅದೇನ್ ದೊಡ್ಡದು, ಆಗ್ಲಿ ಬಿಡು" ಎಂದೆ. ಎದೆಯುಬ್ಬಿಸಿ ಹೇಳಿದೆ. ಹೆಂಡತಿಯಾಗುವವಳು ಬಾಯಿಬಿಟ್ಟು ಕೇಳಿದ ಮೊಟ್ಟಮೊದಲ ಮಾತು ಅದು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಫೋಟೋ ಒಂದನ್ನು ಕೇಳಿದಳು.

ನಾನು ಗೊತ್ತು ಮಾಡಿದ ಫೋಟೋದವನ ಹೆಸರು ಗುರುಶಾಂತಪ್ಪ. ಅವನನ್ನು ಹೇಗೆ ಆರಿಸಿದೆ ಎಂದು ಕೇಳಿದರೆ ನಿಮಗೆ ನಗು ಬರುತ್ತದೆ. ಅವನ ಅಂಗಡಿಯ ಗಾಜಿನ ಬೀರುವಿನಲ್ಲಿ ಒಬ್ಬ ಮಂತ್ರಿಯ ದೊಡ್ಡ ಫೋಟೋ ಇತ್ತು. ಮಂತ್ರಿಯನ್ನು ತೆಗೆದವನು ನನ್ನನ್ನು ತೆಗೆಯಲಾರನೇ ಎಂದುಕೊಂಡೆ. ಮಂತ್ರಿ ಹಾರ ಹಾಕಿಸಿಕೊಂಡು ಗಳಿಗೆಗಟ್ಟಲೆ ನಿಲ್ಲುತ್ತಾನೆ, ಯಾವ ಕುರುಡನೂ ಅವನ ಫೋಟೋ ತೆಗೆಯಬಲ್ಲ ಎಂಬುದು ಹೊಳೆಯಲಿಲ್ಲ. ಮದುವೆಗೆ ನಿಂತ ಹುಡುಗ ಹುಡುಗಿಯರೇ, ಫೋಟೋದವನ ಅಂಗಡಿಗೆ ಹೋದರೆ ಮಂತ್ರಿಯ ಫೋಟೋ ನೋಡಬೇಡಿ. ಯಾವುದಾದರೂ ಬಡ ಮದುವೆಯ ಫೋಟೋ ತೋರಿಸು ಎನ್ನಿ. ಅದರಲ್ಲಿ ಹಿಂದಿನ ಸಾಲಿನ ಮುದುಕಿಯ ಮುಖ ಕಾಣುತ್ತದೆಯೇ ನೋಡಿ. ಕಂಡರೆ ಗೊತ್ತು ಮಾಡಿ, ಇಲ್ಲದಿದ್ದರೆ ಅಲ್ಲಿಂದ ಕಾಲು ಕೀಳಿ.

ಮದುವೆ ಹರಿಹರದಲ್ಲಿ, ಹೆಣ್ಣಿನ ಮನೆಯ ಮುಂದೆ ಹಾಕಿದ ಹಂದರದಲ್ಲಿ. ಗುರುಶಾಂತಪ್ಪ ಬಂದದ್ದನ್ನು ನೋಡಬೇಕಿತ್ತು ನೀವು. ಕೊರಳಲ್ಲಿ ಒಂದು ಸಣ್ಣ ಕ್ಯಾಮೆರಾ, ಹೆಗಲ ಮೇಲೆ ಮೂರು ಕಾಲಿನ ದೊಡ್ಡ ಕ್ಯಾಮೆರಾ, ಕಣ್ಣಿಗೆ ಕಪ್ಪು ಕನ್ನಡಕ. ಬೀಗರಿಗಿಂತ ಮೊದಲು ಅವನಿಗೇ ಕಾಲಿಗೆ ನೀರು ಕೊಟ್ಟರು. ಸಣ್ಣ ಕ್ಯಾಮೆರಾದಲ್ಲಿ ಹನ್ನೆರಡು ಫೋಟೋ, ದೊಡ್ಡದರಲ್ಲಿ ಗಾಜಿನ ಪ್ಲೇಟಿನ ಮೇಲೆ ಮದುಮಕ್ಕಳದ್ದೊಂದು ಜೋಡಿ ಫೋಟೋ, ಇಷ್ಟು ಮಾತಾಗಿತ್ತು.

ಹನ್ನೆರಡು ಎಲ್ಲಿ ಹೋದವು ಕೇಳಿ. ನಮ್ಮ ಮಿಲ್ಲಿನ ಮ್ಯಾನೇಜರು ಕಾರಿನಿಂದ ಇಳಿದರು, ಒಂದು. ಅವರು ಸರಿಯಾಗಿ ಇಳಿಯಲಿಲ್ಲವೆಂದು ಮತ್ತೆ ಕಾರಿಗೆ ಹತ್ತಿಸಿ ಇಳಿಸಿದ, ಇನ್ನೊಂದು. ಮ್ಯಾನೇಜರು ಅಕ್ಕಿಕಾಳು ಹಾಕಿದ್ದು, ಮ್ಯಾನೇಜರು ಹೋಳಿಗೆ ತಿಂದದ್ದು, ಮ್ಯಾನೇಜರು ಕೈ ತೊಳೆದದ್ದು. ಆಲ್ಬಮ್ಮು ನೋಡಿದವರು ಮ್ಯಾನೇಜರ ಮದುವೆ ಎಂದೇ ತಿಳಿಯಬೇಕು. ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ಅವನ ಕ್ಯಾಮೆರಾದ ಬಲ್ಬು ಹೊತ್ತಲಿಲ್ಲ. "ತಡೀರಿ, ತಡೀರಿ, ಇನ್ನೊಂದ್ ಸಲ ಕಟ್ರಿ!" ಎಂದು ಕೂಗಿದ.

ಮದುವೆ ಮಾಡಿಸುತ್ತಿದ್ದ ಅಯ್ಯನವರು ಕೆಂಡವಾದರು. "ಏನ್ರಿ, ತಾಳಿ ಎರಡೆರಡು ಸಲ ಕಟ್ಟೋಕೆ ಇದೇನು ಬಯಲಾಟ ಅಂತ ತಿಳಿದೀರೇನು?"

ಕಡೆಗೆ ನಾನು ಕಟ್ಟಿದಂತೆ ನಟಿಸಬೇಕು ಎಂದಾಯಿತು. ಆ ಫೋಟೋ ಈಗಲೂ ಇದೆ. ಅದರಲ್ಲಿ ನನ್ನ ಎರಡೂ ಕೈ ಪಾರ್ವತಿಯ ಕುತ್ತಿಗೆಗೆ ಬಿದ್ದಿವೆ, ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿದೆ. ಪೊಲೀಸರ ಕೈಗೆ ಸಿಕ್ಕರೆ ನನಗೆ ಜಾಮೀನು ಸಿಗುವುದು ಕಷ್ಟ.

ನಾನು ಗುರುಶಾಂತಪ್ಪನಿಗೆ ಬೆಳಿಗ್ಗೆಯೇ ಹೇಳಿದ್ದೆ: "ನಮ್ಮ ಅತ್ತೆಯವರ್ದು ಮಗಳ ಜೊತಿ ಒಂದು ಆಗ್ಬೇಕ್ರಿ." ಅವನು "ಆಗ್ಲಿ ಸಾಹೇಬ್ರ" ಎಂದಿದ್ದ. ಅತ್ತೆಯವರು ಮಾತ್ರ ಎಲ್ಲೂ ಕಾಣಲಿಲ್ಲ. ಎಲ್ಲಿ ಕಾಣುತ್ತಾರೆ? ಬಿಳಿ ಸೀರೆಯುಟ್ಟು, ಹಣೆಗೆ ಬರೀ ವಿಭೂತಿ ಹಚ್ಚಿಕೊಂಡು ಬೆಳಗಿನಿಂದ ಅಡುಗೆಮನೆಯಲ್ಲಿದ್ದರು. ನಾನು ಬಾಯಿಬಿಟ್ಟು, "ಅತ್ತೆಯವರನ್ನ ಕರೀರಿ" ಎಂದೆ. ಪಾರ್ವತಿಯ ದೊಡ್ಡವ್ವ ಹಂದರದ ನಡುವಿನಿಂದಲೇ ಗದರಿದಳು:

"ಹಂದರದಾಗೆ ಹಾಲವ್ವ ಯಾಕ ಬರ್ತಾಳೆ? ಗಂಡ ಇಲ್ಲದಾಕಿ ಇಂಥ ಹೊತ್ತಿನಾಗೆ ಎದುರಿಗೆ ಬರಬಾರದು ಅಂತ ಆಕಿಗೇ ಗೊತ್ತೈತೆ, ನಿಮಗ್ ಗೊತ್ತಿಲ್ಲೇನು?"

ಎಮ್ಮೆ ಮೇಯಿಸಿ ಮಗಳನ್ನು ಸಾಕುವಾಗ ಎದುರಿಗೆ ಬರಬಹುದಾಗಿದ್ದ ಹೆಂಗಸು ಆ ಮಗಳ ಮದುವೆಯಲ್ಲಿ ಎದುರಿಗೆ ಬರಬಾರದು! ಇದನ್ನು ಈಗ ಎಷ್ಟು ಚೆನ್ನಾಗಿ ಹೇಳುತ್ತೇನೆ ನೋಡಿ. ಅವತ್ತು ಹೇಳಲಿಲ್ಲ. ಬಾಸಿಂಗ ಕಟ್ಟಿಕೊಂಡು, ಕಾರಹುಣ್ಣಿಮೆಯ ಎತ್ತಿನ ಹಾಗೆ ಸಿಂಗಾರವಾಗಿ, ತಲೆಯಾಡಿಸಿ ಸುಮ್ಮನೆ ನಿಂತೆ. ಪಾರ್ವತಿ ನನ್ನ ಮುಖವನ್ನೊಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು.

ನನ್ನಿಂದ ಆಗುವುದಿಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಗಿರಬೇಕು. ಊಟವಾದ ಮೇಲೆ ಜೋಡಿ ಫೋಟೋಕ್ಕೆ ಗುರುಶಾಂತಪ್ಪ ಮೂರು ಕಾಲಿನ ಕ್ಯಾಮೆರಾ ಹೂಡಿದಾಗ ಅವಳೇ ಹೇಳಿದಳು: "ಇಲ್ಲಿ ಬಿಸಿಲು ಕಣ್ಣಿಗೆ ಹೊಡೀತತೆ. ಅಡುಗಿಮನಿ ಬಾಗಿಲ ಮುಂದೆ ನಿಲ್ತೀವಿ." ಸರಿ, ಅಲ್ಲೇ ನಿಂತೆವು. ನಮ್ಮ ಬೆನ್ನಿಗೆ ತೆರೆದ ಬಾಗಿಲು, ಬಾಗಿಲೊಳಗೆ ಕತ್ತಲೆ. "ಅಲ್ಲಾಡಬ್ಯಾಡ್ರಿ! ಉಸಿರು ಬಿಡಬ್ಯಾಡ್ರಿ!" ಎಂದು ಗುರುಶಾಂತಪ್ಪ ಕಪ್ಪು ಬಟ್ಟೆಯೊಳಗೆ ಹೊಕ್ಕ. ನಾನು ಹೊಟ್ಟೆ ಒಳಗೆ ಎಳೆದುಕೊಂಡು, ಗದ್ದ ಎತ್ತಿ, ಮಂತ್ರಿಯ ಹಾಗೆ ಕಾಣುವ ಪ್ರಯತ್ನದಲ್ಲಿದ್ದೆ. ನನ್ನ ಹಿಂದೆ ಏನಾಯಿತು ಎಂಬುದು ನನಗೆ ತಿಳಿಯಲೇ ಇಲ್ಲ.

ಆದದ್ದು ಇಷ್ಟು. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು. ಅತ್ತೆಯವರು ಅಡುಗೆಮನೆಯಿಂದ ಹೊಸಲವರೆಗೆ ಬಂದರು. ಹೊಸಲು ದಾಟಲಿಲ್ಲ, ಹಂದರಕ್ಕೆ ಕಾಲಿಡಲಿಲ್ಲ, ಯಾರ ಶಾಸ್ತ್ರವನ್ನೂ ಕೆಡಿಸಲಿಲ್ಲ. ಬಾಗಿಲ ಕತ್ತಲೆಯಲ್ಲಿ ನಿಂತು ಕೈ ಚಾಚಿ ಮಗಳ ಭುಜ ಹಿಡಿದುಕೊಂಡರು. ಉಸಿರು ಬಿಗಿಹಿಡಿದು ಆ ಇಬ್ಬರೂ ಕ್ಯಾಮೆರಾ ನೋಡಿದರು. ಕ್ಯಾಮೆರಾದವನು "ಆತು" ಎನ್ನುವಷ್ಟರಲ್ಲಿ ಅತ್ತೆಯವರು ಒಳಗೆ ಹೋಗಿಯಾಗಿತ್ತು.

ವಾರದ ಮೇಲೆ ನಾನೊಬ್ಬನೇ ಸ್ಟುಡಿಯೋಕ್ಕೆ ಹೋದೆ. ಗುರುಶಾಂತಪ್ಪ ಗಾಜಿನ ಪ್ಲೇಟನ್ನು ಬೆಳಕಿಗೆ ಹಿಡಿದುಕೊಂಡಿದ್ದ. ಪ್ಲೇಟಿನಲ್ಲಿ ಎಲ್ಲ ತಿರುಗುಮುರುಗು: ಬೆಳ್ಳಗಿದ್ದದ್ದು ಕಪ್ಪು, ಕಪ್ಪಗಿದ್ದದ್ದು ಬಿಳಿ. ನನಗೆ ನನ್ನ ಮೀಸೆ ಮಾತ್ರ ಕಂಡಿತು. ಅಂದರೆ ಕಾಣಲಿಲ್ಲ. ಎರಡು ತಿಂಗಳು ಎಣ್ಣೆ ಹಚ್ಚಿ ಬೆಳೆಸಿದ ಮೀಸೆ, ಪ್ಲೇಟಿನಲ್ಲಿ ಬೂಷ್ಟಿನ ಗೆರೆಯಂತೆ ಬಂದಿತ್ತು.

"ಸಾಹೇಬ್ರ, ಹಿಂದೆ ಬಾಗಿಲಾಗೆ ಯಾರೋ ಅಡ್ಡ ಬಂದಾರೆ. ಅಳಿಸಿಬಿಡ್ಲಾ?" ಎಂದು ಅವನು ಕೇಳಿದ.

"ಅಡ್ಡ ಬಂದೋರ್ನೆಲ್ಲ ಅಳಿಸ್ರಿ. ಮೊದ್ಲು ನನ್ನ ಮೀಸಿ ನೋಡ್ರಿ, ಮೀಸಿ!" ಎಂದೆ.

 ಹೌದು, ನಾನೇ ಹೇಳಿದ್ದು. ಯಾರು ಅಡ್ಡ ಬಂದವರು ಎಂದು ಒಂದು ಸಲ ಬಗ್ಗಿ ನೋಡಲಿಲ್ಲ, ಕೇಳಲಿಲ್ಲ.

ಫೋಟೋ ಚೌಕಟ್ಟಿನೊಡನೆ ಬಂತು. ಅದನ್ನು ಎದೆಗವಚಿಕೊಂಡು ಮನೆಗೆ ತಂದು ಪಾರ್ವತಿಯ ಕೈಗೆ ಕೊಟ್ಟೆ. ಮೀಸೆ ಕಪ್ಪಗೆ, ದಪ್ಪಗೆ, ಇಬ್ಬರಿಗೆ ಸಾಕಾಗುವಷ್ಟಿತ್ತು. ಅವಳು ಮೀಸೆ ನೋಡಲಿಲ್ಲ. ಬಾಗಿಲಿದ್ದ ಜಾಗ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು, ಸೆರಗಿನಿಂದ ಗಾಜು ಒರೆಸಿ ನೋಡಿದಳು.

"ಅವ್ವ ಎಲ್ಲಿ?" ಎಂದಳು.

ಬಾಗಿಲಲ್ಲಿ ಬರೀ ಕತ್ತಲೆ. ಅವಳ ಎಡಭುಜದ ಮೇಲೆ, ಸೀರೆಯ ಅಂಚಿನ ಪಕ್ಕ, ಎಲ್ಲಿಂದಲೋ ಬಂದ ನಾಲ್ಕು ಬೆರಳು. ಕೈ ಇದೆ, ಕೈಯ ಹಿಂದೆ ಯಾರೂ ಇಲ್ಲ. ಅವಳು ನಡೆದದ್ದನ್ನು ಆಗ ಹೇಳಿದಳು.  ನಾನು ಮಾಡಿದ್ದೇನು ಗೊತ್ತೇ? ದನಿ ಎತ್ತರಿಸಿ ಗುರುಶಾಂತಪ್ಪನನ್ನು ಬೈಯಲು ಶುರುಮಾಡಿದೆ. "ಆ ಕಳ್ಳ, ಆ ಕುರುಡ, ಕೇಳದಂಗೆ ಅಳಿಸಿಬಿಟ್ಟಾನೆ! ಅಳಿಸೋಕಾದ್ರೂ ಬರಬೇಕಲ್ಲ, ಕೈ ಹಂಗೇ ಬಿಟ್ಟಾನೆ ದಡ್ಡ!" ಅವಳು ಅದನ್ನು ನಂಬಿದಳು. ಅವತ್ತು ಶುರುವಾದ ಬೈಗುಳವನ್ನು ಎಂಟು ವರ್ಷ ನಿಲ್ಲಿಸದೆ ಬೈದುಕೊಂಡು ಬಂದಿದ್ದೇನೆ. ನನಗೆ ಮೈಮೇಲೆ ಬರುವ ದೇವರು ಯಾವುದು ಎಂದು ಈಗ ನಿಮಗೆ ತಿಳಿಯಿತಲ್ಲ.

ಇನ್ನೊಂದು ಫೋಟೋ ತೆಗೆಸಬಹುದಿತ್ತು ಎನ್ನುತ್ತೀರಿ. ಹೌದು, ಹರಿಹರವೇನು ಕಾಶಿಯೇ? ಈ ಹಬ್ಬಕ್ಕೆ, ಮುಂದಿನ ಹಬ್ಬಕ್ಕೆ, ಎಮ್ಮೆ ಈದ ಮೇಲೆ ಎಂದು ಮುಂದೂಡಿದೆ. ಮರುವರ್ಷದ ಬೇಸಿಗೆಯಲ್ಲಿ ಅತ್ತೆಯವರು ಮೂರು ದಿನ ಜ್ವರ ಬಂದು ಹೋಗಿಬಿಟ್ಟರು. ಅವರದ್ದು ಎಂದು ಈ ಲೋಕದಲ್ಲಿ ಉಳಿದದ್ದು ನಮ್ಮ ಗೋಡೆಯ ಮೇಲಿನ ನಾಲ್ಕು ಬೆರಳು. ಬಂದವರು "ಇದು ಯಾರ ಕೈರಿ?" ಎಂದು ಕೇಳುತ್ತಿದ್ದರು. ನಾನು "ಸೀರಿ ಮಡಿಕಿ" ಎಂದು ಹಾರಿಸುತ್ತಿದ್ದೆ. ಪಾರ್ವತಿ ಪ್ರತಿ ಸೋಮವಾರ ಸ್ಟೂಲು ಹತ್ತಿ ಗಾಜು ಒರೆಸುತ್ತಿದ್ದಳು.

ರುದ್ರೇಶ ತಂದ ಕಾರ್ಡು ಅದೇ ಗುರುಶಾಂತಪ್ಪನದ್ದು. "ನಡಿ, ನಾನೇ ಬರ್ತೀನಿ. ಇವನ ಬಂಡವಾಳ ಬಿಚ್ಚಿ ತೋರಿಸ್ತೀನಿ" ಎಂದು ಹೊರಟೆ. ಸುಮ್ಮನಿರಬೇಕಿತ್ತು. ಎಂಟು ವರ್ಷ ಒಂದೇ ಸುಳ್ಳು ಹೇಳಿದರೆ ಹೇಳಿದವನಿಗೇ ಅದು ನಿಜವೆನ್ನಿಸುತ್ತದೆ.

ಗುರುಶಾಂತಪ್ಪನಿಗೆ ಈಗ ಹೊಟ್ಟೆ ಬಂದಿದೆ. ಅಂಗಡಿಗೆ ಹೊಸ ದೀಪಗಳು ಬಂದಿವೆ. ಬೀರುವಿನಲ್ಲಿ ಮಂತ್ರಿ ಬದಲಾಗಿದ್ದಾನೆ. "ಬರ್ರಿ ಸಾಹೇಬ್ರ, ಕೂಡ್ರಿ, ಕೂಡ್ರಿ" ಎಂದ. ನಾನು ಕೂಡಲಿಲ್ಲ. ನಿಂತೇ ಶುರುಮಾಡಿದೆ.

"ಅಳಿಸಲಾಗದ ನೆನಪು ಅಂತ ಅಚ್ಚು ಹಾಕ್ಸೀರಲ್ಲ, ನಾಚ್ಕಿ ಆಗೋದಿಲ್ಲೇನ್ರಿ? ನನ್ನ ಮದ್ವಿ ಫೋಟೋದಾಗೆ ಮದುಮಗಳ ಹೆತ್ತ ತಾಯಿನ್ನ ಅಳಿಸಿದ್ರಿ. ಯಾರ್ನ ಕೇಳಿ ಅಳಿಸಿದ್ರಿ?"

ಗುರುಶಾಂತಪ್ಪ ತಬ್ಬಿಬ್ಬಾದ. "ನಿಮ್ಮನ್ನೇ ಕೇಳಿದ್ನಲ್ರಿ! ಅಡ್ಡ ಬಂದೋರ್ನ ಅಳಿಸ್ರಿ, ಮೊದ್ಲು ಮೀಸಿ ನೋಡ್ರಿ ಅಂದ್ರಲ್ರಿ! ಅದೂ ಅಲ್ದೆ ಮದ್ವಿ ಫೋಟೋದಾಗೆ ಬಿಳಿ ಸೀರಿ ಇದ್ರೆ ನಾವು ಯಾವಾಗ್ಲೂ ಅಳಿಸೋದೇ. ಈ ಅಂಗಡಿ ನಮ್ಮ ಮಾವ ನಡೆಸ್ತಿದ್ದ ಕಾಲ್ದಿಂದ ಹಂಗೇ. ಮನ್ಯಾಗೆ ತೂಗುಹಾಕೋ ಫೋಟೋ ನೋಡ್ರಿ, ಒಳ್ಳೇದಕ್ಕೇ ಮಾಡಿದ್ದು."

ರುದ್ರೇಶ ನನ್ನ ಕಡೆ ತಿರುಗಿ ನೋಡಿದ. ನಾನು ಬೀರುವಿನ ಮಂತ್ರಿಯನ್ನು ನೋಡಿದೆ.

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಸಿಕೊಂಡು ಒಬ್ಬರು ವಯಸ್ಸಾದವರು ಹೊರಗೆ ಬಂದರು. ಬಿಳಿ ಗಡ್ಡ, ದಪ್ಪ ಗಾಜಿನ ಕನ್ನಡಕ, ಕಿವಿಯ ಮೇಲೆ ಚೂಪು ಪೆನ್ಸಿಲು. ಪ್ಲೇಟುಗಳನ್ನು ತಿದ್ದುವ ಕೆಲಸ ಅವರದ್ದು. ಖಾದರ್ ಸಾಬರು. ಎಂಟು ವರ್ಷದಿಂದ ನಾನು 'ಅಳಿಸಲೂ ಬಾರದ ದಡ್ಡ' ಎಂದು ಬೈಯುತ್ತಿದ್ದದ್ದು ಇವರನ್ನೇ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಅರೇ ಸಾಬ್, ಅಡುಗಿಮನಿ ಬಾಗ್ಲು ಫೋಟೋ ಅಲ್ವಾ? ಭುಜದ ಮ್ಯಾಲೆ ಕೈ?" ಎಂದರು. ಹಿಂದಿನ ಗೂಡಿನಲ್ಲಿ ಬಹಳ ಹೊತ್ತು ಹುಡುಕಿ, ಹಳೆಯ ಕಾಗದದಲ್ಲಿ ಸುತ್ತಿದ ಪ್ಲೇಟೊಂದನ್ನು ತಂದು ಕಿಟಕಿಗೆ ಹಿಡಿದರು. ನನ್ನ ಹಿಂದೆ ಬಾಗಿಲಿದ್ದ ಜಾಗದಲ್ಲಿ ಒಬ್ಬರು ನಿಲ್ಲುವಷ್ಟು ಗಾಜು ಖಾಲಿಯಾಗಿತ್ತು. ನೀರಿನ ಹಾಗೆ ತಿಳಿಯಾಗಿತ್ತು; ಫೋಟೋದಲ್ಲಿ ಕತ್ತಲೆಯಾಗಿ ಬಂದದ್ದು ಅದೇ.

"ಅಳಿಸಿದ್ದು ನಾನೇ" ಎಂದರು. "ಬ್ಲೇಡಿಂದ ಮೆಲ್ಲಕೆ ಕೆರೆದು ತೆಗೀಬೇಕು. ಮುಖ ತೆಗೆದೆ. ಸೀರಿ ತೆಗೆದೆ. ಭುಜದ ಹತ್ರ ಬಂದಾಗ ಆ ಕೈ ಕಂಡ್ತು. ಬಳಿ ಇಲ್ಲ, ಏನಿಲ್ಲ. ಯಾರೋ ಅಡ್ಡ ಬಂದೋರ ಕೈ ಹಂಗೆ ಇರಲ್ಲ ಸಾಬ್. ಮಗಳ್ನ ಕಳಿಸೋ ತಾಯಿ ಹಿಡಿಯೋ ಹಂಗೆ ಹಿಡಿದಿತ್ತು. ಬ್ಲೇಡು ಕೆಳಗಿಟ್ಟುಬಿಟ್ಟೆ. ಮಾಲೀಕರು ಅದನ್ನೂ ತೆಗಿ ಅಂದ್ರು. ತೆಗೆದ್ರೆ ಸೀರಿ ಅಂಚು ಹಾಳಾಗ್ತದೆ ಅಂತ ಸುಳ್ಳು ಹೇಳಿದೆ."

"ಸುಳ್ಳಾ?" ಎಂದ ಗುರುಶಾಂತಪ್ಪ.

ಖಾದರ್ ಸಾಬರು ಅವನ ಕಡೆ ನೋಡಲಿಲ್ಲ. ಪ್ಲೇಟಿನ ಆ ಮೂಲೆಯನ್ನೇ ನೋಡುತ್ತಿದ್ದರು. "ಮುಖ ಮೊದ್ಲೇ ಹೋಗ್ಬಿಟ್ಟಿತ್ತು. ಕೈ ಮೊದ್ಲು ನೋಡಿದ್ರೆ ನಾನು ಮುಖ ಮುಟ್ತಾನೇ ಇರ್ಲಿಲ್ಲ. ಅವತ್ತಿಂದ ಯಾವ ಪ್ಲೇಟು ಬಂದ್ರೂ ಮೊದ್ಲು ಕೈ ನೋಡ್ತೀನಿ. ನಿಮ್ಮ ಮನಿ ಅಮ್ಮಾವ್ರಿಗೆ ಮಾಫ್ ಮಾಡ್ರಿ ಅಂತ ಹೇಳ್ರಿ."

ಇಬ್ಬರೂ ಮನೆಯ ಕಡೆ ನಡೆದೆವು. ರುದ್ರೇಶ ಒಳ್ಳೆಯ ಹುಡುಗ, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಪಾರ್ವತಿ ಅವನ ಬಾಯಿಂದ ಕೇಳುವುದಕ್ಕೆ ಮೊದಲು ನನ್ನ ಬಾಯಿಂದಲೇ ಕೇಳಲಿ ಎಂದು ನೆಟ್ಟಗೆ ಅಡುಗೆಮನೆಗೆ ಹೋಗಿ ಹೇಳಿಬಿಟ್ಟೆ. ದೊಡ್ಡ ಧೈರ್ಯವೇನಲ್ಲ, ಬೇರೆ ದಾರಿ ಇರಲಿಲ್ಲ. ಮೀಸೆಯ ಮಾತನ್ನೂ ಬಿಡದೆ ಹೇಳಿದೆ. ಖಾದರ್ ಸಾಬರ ಬ್ಲೇಡಿನ ಮಾತನ್ನೂ ಹೇಳಿದೆ.

ಪಾರ್ವತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದರೂ ಅವಳು ಅದನ್ನು ತಿರುವಿಹಾಕಲಿಲ್ಲ. 

"ನೀವು ಅಳಿಸ್ರಿ ಅಂದ್ರಿ."

"ಹೂಂ."

"ಅವ್ರು ಬಿಟ್ರು."

"ಹೂಂ."

"ಗುರುವಾರ ಅವ್ರನ್ನ ಊಟಕ್ಕೆ ಕರ್ಕೊಂಡ್ ಬರ್ರಿ. ಹೋಳಿಗಿ ಮಾಡ್ತೀನಿ." ಸೀದ ರೊಟ್ಟಿಯನ್ನು ತೆಗೆದು ನನ್ನ ತಟ್ಟೆಗೇ ಹಾಕಿದಳು. "ನಿಮಗೆ ಬೈಯೋದೈತೆ. ಅದನ್ನ ಅವ್ರು ಉಂಡು ಹೋದ ಮ್ಯಾಲೆ ಬೈತೀನಿ."

ಗುರುವಾರ ಖಾದರ್ ಸಾಬರು ಒಗೆದ ಅಂಗಿ ಹಾಕಿಕೊಂಡು ಬಂದರು. ಗೋಡೆಯ ಮುಂದೆ ನಿಂತು, ಕನ್ನಡಕ ಒರೆಸಿ ಒರೆಸಿ ಫೋಟೋ ನೋಡಿದರು. ಪಾರ್ವತಿ ಅವರ ಪಕ್ಕದಲ್ಲಿ ನಿಂತು, ಅಳಿಸಿದ ಜಾಗಕ್ಕೆ ಬೆರಳಿಟ್ಟು, ಅವ್ವನ ಮುಖ ಹೇಗಿತ್ತು, ಮೂಗು ಹೇಗಿತ್ತು, ಎಮ್ಮೆ ಕರೆಯುವಾಗ ದನಿ ಹೇಗಿತ್ತು ಎಂದೆಲ್ಲ ಹೇಳಿದಳು. ನನಗೆ ಎಂಟು ವರ್ಷದಲ್ಲಿ ಅದನ್ನೆಲ್ಲ ಹೇಳಿರಲಿಲ್ಲ. ಹೇಳುವುದಕ್ಕೆ ನಾನು ಬಾಯಿ ಮುಚ್ಚಿ ಕೂತದ್ದಾದರೂ ಯಾವಾಗ? ಅವರು ಎರಡು ಹೋಳಿಗೆ ತಿಂದು, ಮೂರನೆಯದಕ್ಕೆ ಕೈ ಅಡ್ಡ ಹಿಡಿದು, ಹೋದರು. ಪಾರ್ವತಿ ಕದ ಹಾಕಿ ನನ್ನ ಕಡೆ ತಿರುಗಿದಳು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಅವಳು ನನ್ನ ಹಾಗಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಬೈದಳು. ಬೈಯುತ್ತಲೇ ಅತ್ತಳು. 

ರುದ್ರೇಶ ಗುರುಶಾಂತಪ್ಪನನ್ನೇ ಗೊತ್ತು ಮಾಡಿದ್ದಾನೆ. ಖಾದರ್ ಸಾಬರು ಅಲ್ಲಿರುವುದರಿಂದ ನಾನು ಬೇಡವೆನ್ನಲಿಲ್ಲ. "ಏನಂತ ಹೇಳ್ಲಿ ಮಾವಾರೆ ಫೋಟೋದವ್ರಿಗೆ?" ಎಂದು ಕೇಳಿದ. ಫೋಟೋದವರಿಗೆ ಹೇಳುವ ಮಾತುಗಳು ನನ್ನ ಹತ್ತಿರ ನೂರಿದ್ದವು.  ಅವನು ಪ್ಲೇಟು ತೋರಿಸಿದಾಗ ನಿನ್ನ ಮುಖವನ್ನು ಕಡೆಗೆ ನೋಡಿಕೋ, ಉಳಿದವರನ್ನು ಮೊದಲು ನೋಡು ಎಂದಷ್ಟೇ ಹೇಳಿ ಕಳಿಸಿದೆ.

ಸೋಮವಾರ ಗಾಜು ಒರೆಸುವ ಕೆಲಸ ಈಗ ನನ್ನದು. ಮೊದಲನೇ ಸೋಮವಾರ ಸ್ಟೂಲು ಹತ್ತಿ, ಒದ್ದೆ ಬಟ್ಟೆ ಹಿಡಿದು ನನ್ನ ಮುಖದಿಂದ ಶುರುಮಾಡಿದ್ದೆ. ಕೆಳಗಿನಿಂದ ಪಾರ್ವತಿಯ ದನಿ ಬಂತು.

"ಮೊದ್ಲು ಅವ್ವನ ಕೈ ಒರೆಸ್ರಿ. ಆಮ್ಯಾಲೆ ನಿಮ್ಮ ಮೀಸಿ."